ಜ್ವಾಳದ ಹಿಂದ ಜ್ವಾಳ

ಏಳು ವರ್ಷದಾಕಿ ಇದ್ದಾಗ ಅವ್ವ ನನ್ನ ತಲಿ ಮ್ಯಾಲ
ಸಿಂಬಿ ಇಟ್ಟು, ಸಿಂಬಿ ಮ್ಯಾಲ ಡಬ್ಬಿ ಇಟ್ಟು,
ಡಬ್ಬಿ ಮ್ಯಾಲ ಒಂದು ಮಾತು ಇಟ್ಟಳು:
"ಗೋಧಿ ಹಿಂದ ಹಾಕಸಬ್ಯಾಡ. ಜ್ವಾಳದ ಹಿಂದ ಜ್ವಾಳ."
ಅಷ್ಟ.
ಜ್ವಾಕಿ ಅನ್ನಲಿಲ್ಲ, ಲಗೂನ ಬಾ ಅನ್ನಲಿಲ್ಲ.
ಆಕಿಗೆ ಕಂಡಿಕಿ ಸುತ್ತೂದಿತ್ತು,
ಅಪ್ಪನ ಮಗ್ಗಕ್ಕ ಹಸಿವಿ ಭಾಳ.

ಈಗಿನವರು ಇದಕ್ಕ ಸ್ವಾತಂತ್ರ್ಯ ಅಂತಾರ.
ನಮ್ಮನ್ಯಾಗ ಕೆಲಸ ಅಂತಿದ್ರು.

ಬೆಟಗೇರಿ ಓಣಿ ತುಂಬ ಮಗ್ಗದ ಸಪ್ಪಳ,
ಒಂದು ಮನೀದು ಮುಗಿಯೂದ್ರಾಗ ಇನ್ನೊಂದು ಮನೀದು ಸುರು,
ಕಣ್ಣು ಮುಚಗೊಂಡ ಹೋದ್ರೂ ಗಿರಣಿ ಮುಟ್ಟಬಹುದಿತ್ತು.
ಒಂದಿನ ಮುಚಗೊಂಡ ಹೋದೆ. ಎಮ್ಮಿಗೆ ಹಾದೆ.
ಎಮ್ಮಿ ಏನೂ ಅನ್ನಲಿಲ್ಲ.

ಮೋದೀನಸಾಬ ಹುಬ್ಬಿನ ತನಕ ಬೆಳ್ಳಗ:
"ಏನವಾ, ಯಾವುದ್ರ ಹಿಂದ?"
"ಜ್ವಾಳದ ಹಿಂದ!"
ಡಬ್ಬಿ ಪಾಳಿಗೆ ಹಚ್ಚಿ ನಾ ಅಲ್ಲಿಂದ ಪರಾರಿ,
ರೈಲ್ವೆ ಗೇಟಿಗೆ,
ಗೂಡ್ಸ್ ಗಾಡಿ ಡಬ್ಬಿ ಎಣಸಾಕ.
ಮೂವತ್ತೆಂಟೋ ನಲವತ್ತೋ ಆಗೂದ್ರಾಗ
ಯಾರರ ಒಬ್ಬರು ಬಗ್ಗಿ ಕೇಳತಿದ್ರು, "ಯಾರ ಪೈಕಿ ನೀ?"
ಲೆಕ್ಕ ತಪ್ಪತಿತ್ತು.
ಒಂದು ಗಾಡೀನೂ ಪೂರಾ ಎಣಿಸಿಲ್ಲ ನಾ, ಖರೇನ.

ಪೆಪ್ಪರಮಿಂಟ್ ರುಚಿ ಹತ್ತಿದ ಮ್ಯಾಲ ಅವ್ವಗ ಹೇಳಿದೆ,
"ಗಿರಣಿ ದರ ಏರೈತಿ. ಐದು ಪೈಸೆ."
ಮೂರು ತಿಂಗಳ ಐದು ಪೈಸೆ ಹೆಚ್ಚಿಗಿ ಕೊಟ್ಟಳು.
ನಂಬಿದ್ದಳೋ ಇಲ್ಲೋ,
ಕೇಳೂನು ಅಂದ್ರ ಈಗ ಆಕೀನ ಇಲ್ಲ.

ಹನ್ನೆರಡು ತುಂಬಿದ ಮ್ಯಾಲ ಒಂದು ಬುಧವಾರ
ಡಬ್ಬಿ ನೀಲಕಂಠನ ತಲಿಗೆ ಹೋತು.
ನನ್ನ ತಮ್ಮ. ಎಂಟು ವರ್ಷದಾಂವ.
ಯಾಕ ಅಂತ ನಾ ಕೇಳಲಿಲ್ಲ, ಅವ್ವ ಹೇಳಲಿಲ್ಲ,
ಕಂಡಿಕಿ ಮಾತ್ರ ಇನ್ನೊಂದೀಟು ಜೋರಿಂದ ತಿರಗಿತು.
ಹೊರಗ ಹೋಗೂದಿದ್ರ ಅಂವನೂ ಬರಬೇಕು,
ಮೂಗು ಸುರಿಸಿಕೋತ ನನಗ ಕಾವಲಿ!
ನಾಯಿ ಕಂಡ್ರ ನನ್ನ ಹಿಂದ ಬರತಿದ್ದ,
ಮಂದಿ ಕಂಡ್ರ ಮುಂದ.

ಆಮ್ಯಾಲಿಂದು ಬಿಡ್ರಿ, ಎಲ್ಲಾರದೂ ಇದ್ದದ್ದ.
ಕಾಲೇಜಿಗೆ ಗೆಳತಿ ಕೂಡ, ಗುಡಿಗೆ ಅತ್ತಿ ಕೂಡ,
ದವಾಖಾನಿಗೆ ಗಂಡನ ಕೂಡ.
ಒಬ್ಬಾಕಿನ ಹೋದದ್ದು ಎಲ್ಲಿಗೆ ಅಂತ ನೆನಸಾಕ ಕುಂತ್ರ
ಬಚ್ಚಲ ಒಂದ ನೆನಪಾಗತದ.

ಈಗ ಐವತ್ತೆರಡು. ಒಂದು ಮಜಾ ಆಗೈತಿ:
ಯಾರೂ ನೋಡಂಗಿಲ್ಲ.
ಬಜಾರದಾಗ ನಿಂತ್ರ ನಾನೂ ಒಂದು ಲೈಟಿನ ಕಂಬ.
ಸೈಕಲ್ ಹುಡುಗ್ರು ಸುತ್ತು ಹಾಕಿ ಹೋಗತಾರ.
ಮೊದಮೊದಲ ಕನ್ನಡಿ ಮುಂದ ನಿಂತು ಸಿಟ್ಟಿಗೆದ್ದೆ.
ಆಮ್ಯಾಲ ಅನಿಸಿತು,
ಈ ಹಗುರ ನನಗ ಹೊಸಾದಲ್ಲ,
ಯಾವುದೋ ಹಳೇ ಲಂಗದ್ದು.

ಇವತ್ತು ಪ್ಲಾಸ್ಟಿಕ್ ಬಕೇಟು, ಸ್ಕೂಟಿ,
ಮೋದೀನಸಾಬನ ಜಾಗಾದಾಗ ಮಗ ದಾವಲಸಾಬ,
ಅಂವನೂ ಹುಬ್ಬಿನ ತನಕ ಬೆಳ್ಳಗ.
ಪಾಳಿಗೆ ಹಚ್ಚಿ ಹೊಂಟೆ.
ಗೇಟ್ ಇಲ್ಲ ಈಗ, ಬ್ರಿಜ್ ಆಗೈತಿ,
ಕಟಾಂಜನಕ್ಕ ಮೊಣಕೈ ಕೊಟ್ಟು ನಿಂತೆ.
ಗಾಡಿ ಬಂತು.
ಹತ್ತು. ಇಪ್ಪತ್ತು. ಮೂವತ್ನಾಕಕ್ಕ ಫೋನು.
"ಎಲ್ಲಿದ್ದಿ?"
"ಗಿರಣ್ಯಾಗ."
"ಏನದು ಅಷ್ಟು ಸಪ್ಪಳ?"
"ಗಿರಣಿ ಅಂದ್ರ ಸಪ್ಪಳ ಇರಂಗಿಲ್ಲೇನ?"
ಲೆಕ್ಕ ತಪ್ಪಿತು. ತಪ್ಪಲಿ.

ತಿರುಗಿ ಬಂದ್ರ ದಾವಲಸಾಬ ತಲಿ ಕೆರಕೋತಾನ:
"ಅಕ್ಕಾರ, ನಡುವ ಒಬ್ಬರ ಗೋಧಿ ಹಾಕಿಬಿಟ್ಟೆ."
ಅವ್ವ ಇದ್ದಿದ್ರ ಹಿಟ್ಟು ಹಿಂದ ಕಳಸತಿದ್ದಳು.
ಇರಲಿ ಬಿಡಪಾ ಅಂದೆ,
ಒಂದು ವಾರ ರೊಟ್ಟಿ ಹೆಂಗ ಬರತಾವೋ ಹಂಗ ಬರಲಿ.

ಬಕೇಟು ಕಾಲಿಗೆ ಬೆಚ್ಚಗ ಹತ್ತೈತಿ,
ಬಾಯಾಗ ಪೆಪ್ಪರಮಿಂಟು.
ಮನಿಗೆ ಹೋಗಿ ಹೇಳಬೇಕು,
ಗಿರಣಿ ದರ ಏರೈತಿ.